ಕತ್ತರಿಸಿದ ರೆಕ್ಕೆಗೆ ಗರಿ ಬರುವ ಬಗೆ

ಊರಿನಲ್ಲಿ ನಾವು ‘ಲವ್ ಬರ್ಡ್ಸ್’ ಎಂದು ಕರೆಯುವ ಪುಟ್ಟ ಹಕ್ಕಿಗೆ ಇಲ್ಲಿ ಬಡ್ಜಿ ಎಂದು ಹೆಸರು. (ಅದನ್ನು ‘ಬಜ್ಜಿ’ ಎಂದೇ ಕರೆದು ಮಕ್ಕಳನ್ನು ನಗಿಸಿದ ಅಜ್ಜಿಯರೂ ಉಂಟು.) ಅದರ ತವರು ಆಸ್ಟ್ರೇಲಿಯದ ಒಳನಾಡು. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಅದು ಲೋಕದ ಪಂಜರಗಳಿಗೆಲ್ಲ ಹಬ್ಬಿತು. ನಮ್ಮ ಬಳಗದ ಹಲವು ಮನೆಗಳಲ್ಲಿ ಈಗ ಬಡ್ಜಿಗಳಿರುವುದರಿಂದ ಈ ಬರಹ.

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಮನೆಗೆ ‘ಮಿಂಚು’ ಬಂದಾಗಲೇ ಅದರ ಎರಡೂ ರೆಕ್ಕೆಗಳ ಹಾರುಗರಿಗಳನ್ನು ಅಂಗಡಿಯಲ್ಲಿ ಬುಡದ ತನಕ ಕತ್ತರಿಸಿದ್ದರು. “ಮುಂದಿನ ಸಲ ಗರಿ ಉದುರಿದಾಗ ತಾನಾಗಿ ಬರುತ್ತದೆ” ಎಂದರು. ವರ್ಷ ಕಳೆದರೂ ಬರಲಿಲ್ಲ. ಗೂಡಿನಿಂದ ಜಿಗಿದರೆ ಕಲ್ಲಿನಂತೆ ಬಿದ್ದು ಎದೆ ತಗುಲಿಸಿಕೊಳ್ಳುತ್ತಿತ್ತು.

ಬೆಳೆದು ನಿಂತ ಗರಿ ನಮ್ಮ ಉಗುರಿನ ತುದಿಯಂತೆ ನಿರ್ಜೀವ. ಆದರೆ ಉಗುರಿನಂತೆ ಅದು ಕತ್ತರಿಸಿದಲ್ಲಿಂದ ಮುಂದಕ್ಕೆ ಬೆಳೆಯುವುದಿಲ್ಲ. ಮೊಂಡು ಕಡ್ಡಿ ತನ್ನ ಸರದಿಯಲ್ಲಿ ಉದುರಬೇಕು. ಆಮೇಲೆ ಅದೇ ಕುಳಿಯಿಂದ ಹೊಸ ಗರಿ ಮೂಡಬೇಕು. ಪ್ರತಿ ರೆಕ್ಕೆಯಲ್ಲಿ ಹತ್ತು ಮುಖ್ಯ ಹಾರುಗರಿಗಳಿದ್ದು, ಅವು ಒಂದೇ ಸಲ ಉದುರದೆ ತಿಂಗಳುಗಟ್ಟಲೆ ಒಂದೊಂದಾಗಿ ಬದಲಾಗುತ್ತವೆ. ಎಳೆಯ ಗರಿಯ ದಂಟಿನೊಳಗೆ ರಕ್ತ ಹರಿಯುತ್ತಿರುತ್ತದೆ. ಅಕ್ಕಪಕ್ಕದ ಬಲಿತ ಗರಿಗಳೇ ಅದಕ್ಕೆ ಆಸರೆ. ಎಲ್ಲವನ್ನೂ ಕತ್ತರಿಸಿದ ರೆಕ್ಕೆಯಲ್ಲಿ ಆ ಆಸರೆಯೇ ಇಲ್ಲ. ಹಕ್ಕಿ ಬಿದ್ದೊಡನೆ ಎಳೆಗರಿ ಮುರಿಯುತ್ತದೆ, ರಕ್ತ ಸುರಿಯುತ್ತದೆ. 30-40 ಗ್ರಾಂ ತೂಗುವ ಜೀವದಲ್ಲಿರುವ ರಕ್ತವೇ ಚಮಚದಷ್ಟಿಲ್ಲ. ಮಿಂಚುವಿನ ರೆಕ್ಕೆಯಲ್ಲಿ ಗರಿ ಬರುತ್ತಲೇ ಇತ್ತು, ಬಂದಂತೆ ಮುರಿಯುತ್ತಲೂ ಇತ್ತು.

ಇದನ್ನು ತಿಳಿಸಿದವರು ಹಕ್ಕಿಗಳ ವೈದ್ಯೆಯೊಬ್ಬರು. ಅದಕ್ಕೂ ಮೊದಲು ಅವರು ಕೊಕ್ಕು-ಗರಿ ರೋಗದ ವೈರಸ್ ಇದೆಯೇ ಎಂದು ಪರೀಕ್ಷೆಗೆ ರಕ್ತ ಕಳುಹಿಸಿದರು. ಆ ರೋಗಕ್ಕೆ ಮದ್ದಿಲ್ಲ, ಹಕ್ಕಿಯಿಂದ ಹಕ್ಕಿಗೆ ಹರಡುತ್ತದೆ. ಫಲಿತಾಂಶಕ್ಕಾಗಿ ಕಾದ ದಿನಗಳಲ್ಲಿ ನಮ್ಮ ಮಗಳು ಪಂಜರದ ಬಳಿಯೇ ಕುಳಿತು ಶಾಲೆಯ ಪಾಠ ಓದಿದಳು. ವೈರಸ್ ಇರಲಿಲ್ಲ.

ಮುಂದಿನ ದಾರಿ ಎರಡು. ಅರಿವಳಿಕೆ ಕೊಟ್ಟು ಮೊಂಡುಗಳನ್ನು ಕಿತ್ತರೆ ಹೊಸ ಗರಿ ಬೇಗ ಬರಬಹುದು. ಆದರೆ ಕುಳಿಗೆ ಪೆಟ್ಟಾದರೆ ಅಲ್ಲಿ ಮತ್ತೆಂದೂ ಗರಿ ಬಾರದಿರಬಹುದು, ಇಷ್ಟು ಸಣ್ಣ ಹಕ್ಕಿಗೆ ಅರಿವಳಿಕೆಯೂ ಅಪಾಯವೇ. ಇನ್ನೊಂದು, ಬೀಳದಂತೆ ನೋಡಿಕೊಂಡು ಕಾಯುವುದು. ಮಗಳು ಮೊದಲನೆಯದನ್ನು ಬಯಸಿದಳು. ನಾವು ಎರಡನೆಯದನ್ನು ಆರಿಸಿದೆವು.

ಕೋಲುಗಳನ್ನು ಕೆಳಗಿಳಿಸಿ ಹಗ್ಗದ ಏಣಿ ಕಟ್ಟಿದೆವು. ನೆಲಕ್ಕೆ ದಿಂಬು, ಹಳೆಯ ಕಂಬಳಿ ಹಾಸಿದೆವು. ಬರೀ ಕಾಳು ತಿನ್ನುವ ಹಕ್ಕಿಗೆ ‘ಎ’ ಜೀವಸತ್ವ, ಸುಣ್ಣದಂಶ ಸಾಲವು. ಗರಿ ಕಟ್ಟಲು ಪ್ರೋಟೀನೂ ಬೇಕು. ಇಲ್ಲಿನ ಅಂಗಡಿಗಳಲ್ಲಿ ‘ಮಿಲೆಟ್ ಸ್ಪ್ರೇ’ ಎಂದು ಮಾರುವುದು ನಮ್ಮ ನವಣೆಯ ತೆನೆಯೇ! ಅದನ್ನು ತಿಂಡಿಯ ಮಟ್ಟಕ್ಕಿಳಿಸಿ, ಪೆಲೆಟ್, ಕೊತ್ತಂಬರಿ ಸೊಪ್ಪು, ತುರಿದ ಕ್ಯಾರೆಟ್ ರೂಢಿ ಮಾಡಿಸಲು ಎರಡು ತಿಂಗಳು ಹಿಡಿಯಿತು. ನಾನ್‌ಸ್ಟಿಕ್ ದೋಸೆ ಕಾವಲಿಯನ್ನು ಮನೆಯಿಂದಲೇ ಹೊರಹಾಕಿದೆವು. ಅದು ಮಿತಿಮೀರಿ ಕಾದಾಗ ಏಳುವ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯಬಲ್ಲದು. ಗರಿಯ ಮಾತಿಗಿಂತ ದೊಡ್ಡದಿದು, ಬಡ್ಜಿಯಿರುವ ಮನೆಯವರು ಇಂದೇ ಅಡುಗೆಮನೆ ನೋಡಿಕೊಳ್ಳಿ. ಎಳೆಗರಿ ಮುರಿದು ರಕ್ತ ಬಂದರೆ ಕಾರ್ನ್‌ಫ್ಲೋರ್ ಹಚ್ಚಿ ಬಟ್ಟೆಯಿಂದ ಮೃದುವಾಗಿ ಒತ್ತಿ ಹಿಡಿದು ವೈದ್ಯರಲ್ಲಿಗೆ ಧಾವಿಸಬೇಕು.

ಹಾರಿಹೋಗದಿರಲಿ ಎಂದು ಕತ್ತರಿಸುತ್ತೇವೆ ಎನ್ನುವವರ ವಾದ ನಮಗೆ ಒಪ್ಪಿಗೆಯಿಲ್ಲ. ಸೈನ್ ಹಿಲ್ ಕಡೆಯಿಂದ ಮಧ್ಯಾಹ್ನ ಬೀಸುವ ಗಾಳಿಯನ್ನು ಬಲ್ಲವರಿಗೆ ಗೊತ್ತು: ತೆರೆದ ಬಾಗಿಲಲ್ಲಿ ಅಂಥ ಗಾಳಿಗೆ ಸಿಕ್ಕರೆ ಗರಿಯಿಲ್ಲದ ಹಕ್ಕಿಯೂ ತೇಲಿಹೋಗುತ್ತದೆ, ಮರಳಿ ಬರುವ ಶಕ್ತಿ ಮಾತ್ರ ಅದಕ್ಕಿರುವುದಿಲ್ಲ. ಕಿಟಕಿಗೆ ಜಾಲರಿ, ಬಾಗಿಲಿಗೆ ಎಚ್ಚರ, ಇಷ್ಟು ಸಾಕು.

ಹನ್ನೊಂದು ತಿಂಗಳಾದವು. ಎಡರೆಕ್ಕೆಯ ಗರಿಗಳೆಲ್ಲ ಬಂದಿವೆ. ಬಲಗಡೆ ಎರಡು ಕುಳಿಗಳು ಇನ್ನೂ ಖಾಲಿ; ಅವು ತುಂಬಲಾರವೆಂದು ವೈದ್ಯೆಯ ಅನಿಸಿಕೆ. ಮಿಂಚು ಪಂಜರದಿಂದ ಕಿಟಕಿಯ ಪರದೆಯವರೆಗೆ ಹಾರುತ್ತದೆ, ತಿರುಗುವಾಗ ತುಸು ಬಲಕ್ಕೆ ವಾಲುತ್ತದೆ. ಪರದೆಯ ಕೆಳಗಿನ ದಿಂಬುಗಳನ್ನು ತೆಗೆಯಲು ಮಗಳು ಇನ್ನೂ ಬಿಟ್ಟಿಲ್ಲ.