ಒಂದು ಗೇಣು ಟೇಪು

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಅವರ ಹಾಡಿಕೆ ಇದ್ದ ರಾತ್ರಿ ಬೈಲಹೊಂಗಲದ ನಮ್ಮ ಮನೆಯಲ್ಲಿ ನಾನು ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಉಸಿರು ಬಿಗಿಹಿಡಿದು ಕೂಡುತ್ತಿದ್ದೆ. ಮನಸೂರರು 1992ರಲ್ಲಿ ಹೋದರು, ಅವ್ವ 1996ರಲ್ಲಿ.

ಹೋದ ತಿಂಗಳು ಆ ಕ್ಯಾಸೆಟ್ ಹಾಕಿದರೆ ಯಂತ್ರ ಟೇಪನ್ನು ನುಂಗಿಬಿಟ್ಟಿತು. ಬಿಡಿಸಿ ತೆಗೆದಾಗ ಒಂದು ಗೇಣಷ್ಟು ಮುದುಡಿ ಹೋಗಿತ್ತು. ಅಣ್ಣನ ಮಗ, "ಅತ್ತಿ, ಇಷ್ಟು ಕತ್ತರಿಸಿ ಅಂಟಸೋಣ" ಅಂದ. ಸೆಕೆಂಡಿಗೆ ಹತ್ತಿರ ಹತ್ತಿರ ಐದು ಸೆಂಟಿಮೀಟರ್ ಓಡುವ ಟೇಪು. ಒಂದು ಗೇಣೆಂದರೆ ನಾಲ್ಕೂವರೆ ಸೆಕೆಂಡು. ಅಷ್ಟರಲ್ಲಿ ಮನಸೂರರು ಒಂದು ತಾನ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿರುತ್ತಾರೆ.

ಬೇಡವೆಂದೆ. ಬೆರಳಿನಿಂದ ತೀಡಿ ತೀಡಿ ನೇರ ಮಾಡಿ, ಸ್ಕ್ರೂ ಇದ್ದ ಬೇರೊಂದು ಕ್ಯಾಸೆಟ್ಟಿನ ಗೂಡಿಗೆ ಸುರುಳಿ ಬದಲಿಸಿದೆವು. ಅವನು ಕಂಪ್ಯೂಟರಿಗೆ ಇಳಿಸಿಕೊಂಡ. ಒಂದೇ ಸಮನೆ ಬರುವ ಸುಯ್ ಎನ್ನುವ ಸದ್ದು ತೆಗೆಯುವುದು ಸುಲಭವಂತೆ. ಹೆಚ್ಚು ತೆಗೆದರೆ ತಂಬೂರಿಯೂ ಮಂಕಾಗುತ್ತದೆ. ಸ್ವಲ್ಪವೇ ತೆಗೆಸಿದೆ.

ಮುದುಡಿದ ಜಾಗ ಬಂತು. ದನಿ ಒಮ್ಮೆ ತೊದಲಿತು. ಅದರ ಹಿಂದೆಯೇ ಅವ್ವ: "ರೊಟ್ಟಿ ಬಡೀಲೇನ?" ನಾನು: "ಸುಮ್ಮನಿರಬೇ, ರೆಕಾರ್ಡ್ ಆಗಾಕತ್ತೈತಿ!" ಎಷ್ಟು ಬಿರುಸು ನನ್ನ ದನಿ! ಹುಡುಗ ನನ್ನ ಮುಖ ನೋಡಿದ. "ಇದನ್ನ ತಗೀಲೇನತ್ತಿ?" ತೆಗೆದರೆ ಹಾಡಿಗೂ ಪೆಟ್ಟು ಬೀಳುತ್ತದೆ ಎಂದೆ. ಅದು ನೆಪ.

ಮುಂದೆ ಕಿವಿಗೊಟ್ಟರೆ, ಹಾಡಿನ ಅಡಿಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಜೋಳದ ರೊಟ್ಟಿ ಬಡಿದರೆ ಓಣಿಗೆಲ್ಲ ಕೇಳಬೇಕು. ಇದು ಅರಳೆಯ ಮೇಲೆ ಕೈಯಿಟ್ಟಷ್ಟು ಮೆತ್ತಗೆ.