ತಗ್ಗಿದ ಕಾರು

ಬೆಂಗಳೂರಿನ ತರುಣನಿಗೆ ಕಾರನ್ನು ತಗ್ಗಿಸಿ ಓಡಿಸುವ ಹಂಬಲ. ಗಿಡ್ಡ ಸ್ಪ್ರಿಂಗಿನಿಂದ ಗುರುತ್ವಕೇಂದ್ರ ಇಳಿಯುತ್ತದೆ, ತಿರುವಿನಲ್ಲಿ ಹೊಯ್ದಾಟ ತಗ್ಗುತ್ತದೆ, ಅಷ್ಟು ನಿಜ. ಆದರೆ ಗಿಡ್ಡದು ಬಿಗಿಯಾಗಿಯೂ ಇರಬೇಕು. ಇಲ್ಲವಾದರೆ ಕುಸಿಯಲು ಉಳಿದ ಅಲ್ಪ ಜಾಗ ಮೊದಲ ಗುಂಡಿಯಲ್ಲೇ ಮುಗಿದು, ಕೊನೆಯ ರಬ್ಬರು ತಡೆಗೆ ಬಡಿಯುತ್ತದೆ. ಬಿಗಿಗೆ ತಕ್ಕ ಶಾಕ್ ಅಬ್ಸಾರ್ಬರೂ ಬೇಕು. ಇದ್ದ ಸ್ಪ್ರಿಂಗನ್ನೇ ಕತ್ತರಿಸಿ ಕೂರಿಸುವವರ ಮಾತಂತೂ ಬೇಡ.

ಅವನ ಹುಟ್ಟೂರು ಮದ್ದೂರಿನ ಬಳಿಯ ವೈದ್ಯನಾಥಪುರ. ಶಿಂಷೆಯ ದಡದ ವೈದ್ಯನಾಥೇಶ್ವರನ ದರ್ಶನಕ್ಕೆ ತಾಯಿ, ತಂಗಿ, ಅಜ್ಜಿ ಹಿಂದೆ ಕುಳಿತು, ಮರಳುವಾಗ ಡಿಕ್ಕಿಗೆ ಅಕ್ಕಿಮೂಟೆಯೂ ತೆಂಗಿನಕಾಯಿಯೂ ಸೇರಿದರೆ ಕಾರು ತಾನಾಗಿಯೇ ತಗ್ಗುತ್ತದೆ! ರಸ್ತೆಯುಬ್ಬಿಗೆ ಶಾಸ್ತ್ರೋಕ್ತ ಎತ್ತರ 10 ಸೆಂಟಿಮೀಟರು; ಹಳ್ಳಿಯ ಉಬ್ಬುಗಳಿಗೆ ಅದರ ಹಂಗಿಲ್ಲ. ಎಷ್ಟು ಇಳಿಸಲೆಂದು ಅಂಗಡಿಯವನು ಕೇಳುವ ಮೊದಲೇ, ಎಲ್ಲರನ್ನೂ ಕೂರಿಸಿ ಅಡಿಭಾಗದಿಂದ ನೆಲಕ್ಕಿರುವ ಅಂತರವನ್ನು ಅವನು ಅಳೆಯಬೇಕು. ಅಜ್ಜಿಯ ಸೊಂಟನೋವು ಆ ಅಳತೆಗೆ ಸಿಕ್ಕದು. ಅದನ್ನು ಅವಳನ್ನೇ ಕೇಳಬೇಕು.