ಬಂದೆ, ಸ್ವಲ್ಪ ತಾಳಿ

ಕೆಲಸದ ನಡುವೆ ಯಾರಾದರೂ ಕರೆದರೆ ಕೆಲವರು ಕೈಲಿದ್ದದ್ದನ್ನು ಬಿಸಾಕಿ ಓಡುತ್ತಾರೆ, ಇನ್ನು ಕೆಲವರಿಗೆ ಕಿವಿಯೇ ಕೇಳಿಸದು. ಕಂಪ್ಯೂಟರ್ ನಡೆಸುವ ಲಿನಕ್ಸಿನ ತಿರುಳು, ಅಂದರೆ ಕರ್ನಲ್, ಈ ಎರಡೂ ಜಾತಿಯದಲ್ಲ. ಒಲೆ ಮುಂದೆ ನಿಂತು, ಸೌಟು ಬಿಡದೆ, "ಬಂದೆ, ಸ್ವಲ್ಪ ತಾಳಿ" ಅನ್ನುವವರ ಜಾತಿ ಅದು.

ಪ್ರೊಸೆಸರ್ ತನ್ನ ಪಾಡಿಗೆ ಏನೋ ಲೆಕ್ಕ ಮಾಡುತ್ತಿರುತ್ತದೆ. ಅಷ್ಟರಲ್ಲಿ ನೀವು ಕೀಲಿ ಒತ್ತುತ್ತೀರಿ, ಇಲ್ಲವೇ ನೆಟ್‌ವರ್ಕ್ ಕಾರ್ಡಿಗೆ ಪ್ಯಾಕೆಟ್ ಬಂದು ಬೀಳುತ್ತದೆ. ಅದೇ ಇಂಟರಪ್ಟ್. ಪ್ರೊಸೆಸರ್ ಎಲ್ಲಿಗೆ ನಿಲ್ಲಿಸಿದೆ ಎಂದು ಸ್ಟ್ಯಾಕಿನಲ್ಲಿ ಗುರುತಿಟ್ಟು, ಇಂಟೆಲ್ ಮಾದರಿಯದಾದರೆ 256 ಸಾಲಿನ ಪಟ್ಟಿ ನೋಡಿ, ಈ ಕರೆಗೆ ಓಗೊಡಬೇಕಾದ ಹ್ಯಾಂಡ್ಲರ್ ಇರುವಲ್ಲಿಗೆ ಜಿಗಿಯುತ್ತದೆ. ಮೊದಲ 32 ಸಾಲು ಪ್ರೊಸೆಸರಿನ ಸ್ವಂತ ತಾಪತ್ರಯಗಳಿಗೆ ಮೀಸಲು. ಸೊನ್ನೆಯಿಂದ ಭಾಗಿಸಹೊರಟ ಮಹಾಶಯರಿಗೆ ಕೊಟ್ಟಿರುವುದು ಯಾವ ಸಾಲು ಗೊತ್ತೇ? ಸೊನ್ನೆಯದೇ!

ಇಂಟರಪ್ಟಿಗೆ ಹೆದರಿದವರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಕೂಡ ಒಬ್ಬರು. ನೆದರ್ಲೆಂಡ್ಸಿನ ಎಕ್ಸ್1 ಯಂತ್ರಕ್ಕೆ ಅದನ್ನು ಸೇರಿಸುತ್ತೇವೆಂದು ಸಹೋದ್ಯೋಗಿಗಳು ಹೊರಟಾಗ ಕೆಲವು ತಿಂಗಳು ಅಡ್ಡಗಾಲು ಹಾಕಿದರಂತೆ. ಕರೆ ಯಾವ ಗಳಿಗೆಯಲ್ಲಿ ಬರುತ್ತದೋ ತಿಳಿಯದ ಮೇಲೆ, ಆದ ತಪ್ಪನ್ನು ಮತ್ತೊಮ್ಮೆ ಆಗಿಸಿ ನೋಡುವುದಾದರೂ ಹೇಗೆ? ಆಮೇಲೆ ಒಪ್ಪಿಕೊಂಡರು, 1959ರ ಪಿಎಚ್.ಡಿ. ಪ್ರಬಂಧವನ್ನೂ ಅದರ ಮೇಲೆಯೇ ಬರೆದರು. ಹೆದರಿಕೆ ಇದ್ದವರೇ ಇಂಥ ಕೆಲಸ ಮಾಡಬೇಕು ಅನ್ನುವುದು ನನ್ನ ಪಕ್ಷ.

ಹ್ಯಾಂಡ್ಲರಿನದು ಕಠಿಣ ವ್ರತ. ನಿದ್ದೆ ಕೂಡದು, ಯಾರಿಗೂ ಕಾಯಕೂಡದು. ಸಾಧನಕ್ಕೆ "ಕೇಳಿಸಿತು" ಎಂದು ಹೇಳಿ, ಉಳಿದದ್ದನ್ನು ಚೀಟಿಗೆ ಬರೆದು ಹೊರಡಬೇಕು. ಇದು ಟಾಪ್ ಹಾಫ್. ಆ ಚೀಟಿಯ ಕೆಲಸ ಬಿಡುವು ನೋಡಿ ಆಮೇಲೆ ಮಾಡುವುದು ಬಾಟಮ್ ಹಾಫ್. ವಿಂಡೋಸಿನಲ್ಲೂ ಹೀಗೇ, ಹೆಸರು ಮಾತ್ರ ಬೇರೆ.

ಆದರೆ ಚೀಟಿ ಬರೆಯುವುದಕ್ಕೇ ಇಡೀ ದಿನ ಹೋದರೆ? ಪ್ಯಾಕೆಟ್ಟುಗಳು ಮಳೆಯಂತೆ ಸುರಿದಾಗ ಕರ್ನಲ್ ಬರೀ ಓಗೊಡುತ್ತಾ ಕೂರುತ್ತದೆ, ಒಂದು ಪ್ಯಾಕೆಟ್ಟೂ ಮನೆ ಮುಟ್ಟುವುದಿಲ್ಲ. ಲೈವ್‌ಲಾಕ್ ಎಂಬ ಈ ರೋಗಕ್ಕೆ ಜೆಫ್ರಿ ಮೊಗಲ್ ಮತ್ತು ಕೆ.ಕೆ. ರಾಮಕೃಷ್ಣನ್ 1996ರಲ್ಲಿ ಮದ್ದು ಬರೆದರು. ನಮ್ಮ ಬೆಂಗಳೂರಿಗರು ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ರಾಮಕೃಷ್ಣನ್ ಎಂ.ಟೆಕ್. ಓದಿದ್ದು. ಮದ್ದು ಬಲು ಸರಳ: ಮೊದಲ ಕರೆ ಬಂದೊಡನೆ ಕಾರ್ಡು ಮತ್ತೆ ಕರೆಯದಂತೆ ತಡೆದು, ನಿಮಗೆ ಅನುಕೂಲವಾದಾಗ ನೀವೇ ಹೋಗಿ, ಇಷ್ಟೇ ಎಂದು ಮಿತಿ ಹಾಕಿಕೊಂಡು ಎತ್ತಿಕೊಳ್ಳಿ. ಲಿನಕ್ಸಿನಲ್ಲಿ ಅದೇ ದಾರಿ ಹಿಡಿದದ್ದು ನಾಪಿ. ಒಂದು ಸರತಿಗೆ ಸಾಮಾನ್ಯವಾಗಿ 64 ಪ್ಯಾಕೆಟ್. ಕರ್ನಲ್ ಬರೆದವರ ಜಾಣತನಗಳಲ್ಲಿ ನನಗೆ ತೀರ ಇಷ್ಟವಾದದ್ದು ಇದು.

ಸುಮ್ಮಸುಮ್ಮನೆ ಕರೆಯುವವರೂ ಇರುತ್ತಾರಲ್ಲ! 1,00,000 ಕರೆಗಳಲ್ಲಿ 99,900ಕ್ಕಿಂತ ಹೆಚ್ಚು ಕರೆಗಳಿಗೆ ವಾರಸುದಾರರೇ ಸಿಗದಿದ್ದರೆ, ಕರ್ನಲ್ ದಫ್ತರದಲ್ಲಿ "ನೋಬಡಿ ಕೇರ್ಡ್" ಎಂದು ಬರೆದು ಆ ಕರೆ ಬರುವ ತಂತಿಯ ಬಾಯಿ ಮುಚ್ಚಿಸುತ್ತದೆ. ಅಷ್ಟು ತಾಳ್ಮೆ ನನಗಂತೂ ಇಲ್ಲ.

ಲಿನಕ್ಸ್ ಇರುವವರು 'ಪ್ರಾಕ್' ಕೋಶದ 'ಇಂಟರಪ್ಟ್ಸ್' ಕಡತವನ್ನು ತೆರೆದು ನೋಡಿ. ಯಾರು ಎಷ್ಟು ಸಲ ಕರೆದರೆಂಬ ಲೆಕ್ಕವೆಲ್ಲ ಅಲ್ಲಿದೆ. ಹಳೇ ಮಾದರಿಯ ಕೀಲಿಮಣೆಯಾದರೆ, ಒಂದು ಅಕ್ಷರಕ್ಕೆ ಎರಡು ಕರೆ: ಒತ್ತಿದ್ದಕ್ಕೊಂದು, ಬಿಟ್ಟಿದ್ದಕ್ಕೊಂದು.